ಅರವತ್ತೆರಡು ಮನೆಗಳ ಕರೆ

ನಾನು ಒಂಬತ್ತು ವರ್ಷ ಮಾಸ್ತರಿಕೆ ಮಾಡಿದ ಊರಿನಿಂದ ವಾಡಿ ಸ್ಟೇಷನ್ನಿಗೆ ಎರಡು ಮೈಲಿ, ಅಷ್ಟೂ ಎರೆ ನೆಲ. ಮಳೆ ಬಿದ್ದರೆ ಬಸುರಿಯನ್ನು ಕರೆದೊಯ್ಯುವ ಬಂಡಿಯೂ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಸರ್ಕಾರದ ರಸ್ತೆ ಚುನಾವಣೆಗೊಮ್ಮೆ ಬಂದು ಹೋಗುತ್ತಿತ್ತು, ಮಾತಿನಲ್ಲಿ. ಆ ದಾರಿಯನ್ನು ನಡೆಯುವ ಹಾಗೆ ಇಟ್ಟವನು ಗುರುಲಿಂಗಪ್ಪ. ಎರಡೆಕರೆ ಜೋಳದ ಹೊಲ, ಒಂದು ಹಾರೆ, ಬಾಗಿದ ಬೆನ್ನು. ಬೇರೆ ಅಧಿಕಾರವೇನೂ ಅವನಿಗಿರಲಿಲ್ಲ.

ಮುಂಗಾರಿನ ಮಿರಗದ ಮಳೆ ಹಿಡಿಯುವ ಮುನ್ನ ಒಂದು ಸೋಮವಾರ ದಾರಿ ರಿಪೇರಿಗೆ ಮನೆಗೊಬ್ಬರಂತೆ ಜನ ಕೂಡಬೇಕು. ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ, ಆದ್ದರಿಂದ ಜನಕ್ಕೆ ಬಿಡುವು. ಅದೇ ಕಾರಣಕ್ಕೆ ಬಂಡಿಯೂ ಇಲ್ಲ! ರಾವೂರ ಗಣಿಯವರು ಎಸೆದ ಫರ್ಸಿ ಕಲ್ಲಿನ ಚೂರುಗಳನ್ನು ತಲೆಯ ಮೇಲೇ ಹೊರಬೇಕು. ಚೂರನ್ನು ಮಲಗಿಸಿದರೆ ಕೆಸರು ನುಂಗುತ್ತದೆ, ಒತ್ತೊತ್ತಾಗಿ ನಿಲ್ಲಿಸಿ ಹೂಳಬೇಕು ಎಂದು ಅವನು ಪ್ರತಿವರ್ಷ ಹೇಳಿಕೊಡುತ್ತಿದ್ದ. ಜನ ಪ್ರತಿವರ್ಷ ಮರೆಯುತ್ತಿದ್ದರು.

ಅವನನ್ನು ಸವೆಸಿದ್ದು ಕಲ್ಲಲ್ಲ, ಕರೆಯುವ ಕೆಲಸ. ಅರವತ್ತೆರಡು ಮನೆಗೂ ತಾನೇ ಹೋಗಿ, ಕುಳಿತು, ನೀರು ಕುಡಿದು ಹೇಳಬೇಕು. ಒಂದು ವರ್ಷ ಬಂದೇನವಾಜನ ಮನೆ ತಪ್ಪಿಹೋಯಿತು. ಆ ಮಹಾರಾಯ ಮೂರು ವರ್ಷ ದಾರಿಯ ಕೆಲಸಕ್ಕೆ ಕಾಲಿಡಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ಅವನ ಮೊಣಕಾಲುಗಳು ಕೈಕೊಟ್ಟವು.

"ಡಂಗುರ ಹೊಡಸ್ರಿ, ಒಂದೇ ತಾಸಿನ ಕೆಲಸ" ಎಂದೆ ನಾನು. ಓದಿದವನ ಬುದ್ಧಿ!

ಡಂಗುರವಾಯಿತು. ಸೋಮವಾರ ಬೆಳಿಗ್ಗೆ ದಾರಿಯಲ್ಲಿ ನಿಂತವರು ನಾವಿಬ್ಬರೇ. ನನಗೆ ಸಿಟ್ಟು ಬಂತು. ಊರ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಅಮೀರ್ ಅಲಿಯನ್ನು ತರಾಟೆಗೆ ತೆಗೆದುಕೊಂಡೆ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ.

"ಡಂಗುರ ಹೊಡದು ಕರದಿದ್ದು ನಿಜಾಮನ ಕಾಲದಾಗ್ರಿ, ಬಿಟ್ಟಿ ದುಡಿಸ್ಲಿಕ್ಕ. ಅದಕ್ಕ ಯಾರ್ ಬರ್ತಾರ?"

ಗುರುಲಿಂಗಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಡೀರಿ ಮಾಸ್ತರ್, ಮನಿ ಮನಿಗಿ ಹೋಗೋಣು" ಎಂದು ಕೋಲು ಹುಡುಕಿದ.

ಆರು ದಿನ ಹಿಡಿಯಿತು. ನಾನು ಅವನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದೆ. ಪ್ರತಿ ಮನೆಯಲ್ಲೂ ಕುಳಿತಾಗ ಒಮ್ಮೆ ನರಳುತ್ತಿದ್ದ, ಏಳುವಾಗ ಎರಡು ಸಲ. ಎರಡನೆಯ ಮನೆಯಲ್ಲೇ ಶುರು ಮಾಡಿದ: "ನನ್ ಕಾಲು ಮುಗದಾವ. ಮುಂದಿನ ವರ್ಷ ಮಾಸ್ತರ್ ಬರ್ತಾರ ಕರೀಲಿಕ್ಕ." ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಹೆಂಡತಿ ಮಕ್ಕಳಿದ್ದ ಸೇಡಂಗೆ ವರ್ಗ ಬೇಡಿ ನಾನು ಆಗಲೇ ಅರ್ಜಿ ಹಾಕಿದ್ದೆ. ಆ ಮಾತನ್ನು ನಾಲಿಗೆಯ ತುದಿಗೆ ತಂದುಕೊಳ್ಳುವಷ್ಟರಲ್ಲಿ ಮುಂದಿನ ಮನೆ ಬರುತ್ತಿತ್ತು. ಅಲ್ಲಿಯೂ ಅದೇ ಮಾತು.

ಕೊನೆಯ ಮನೆ ವಿಧವೆ ಇಮಾಮ್ಬೀಯದು. ಆಕೆ ತಂಬಿಗೆ ನೀರನ್ನು ಮೊದಲು ನನಗೆ ಕೊಟ್ಟಳು. "ಬರ್ತೀರಲ್ರಿ ಮಾಸ್ತರ್?" ಎಂದಳು. ಗುರುಲಿಂಗಪ್ಪ ನನ್ನ ಮುಖ ನೋಡುತ್ತಿದ್ದ.

"ಬರ್ತೀನಿ" ಎಂದೆ.

ಆ ಸೋಮವಾರ ಮನೆಗೊಬ್ಬರು ಬಂದರು, ಕೆಲವು ಮನೆಯಿಂದ ಇಬ್ಬರು. ಬಂದೇನವಾಜನೂ ಬಂದ. ಸಂಜೆಯೊಳಗೆ ದಾರಿ ಗಟ್ಟಿಯಾಯಿತು. ಗುರುಲಿಂಗಪ್ಪನನ್ನು ಹೊತ್ತುಕೊಂಡು ಮನೆಗೆ ಕರೆತಂದರು.

ದೀಪಾವಳಿಗೆ ನನಗೆ ವರ್ಗವಾಯಿತು. ಚಳಿಗಾಲದಲ್ಲಿ ಅವನು ತೀರಿಕೊಂಡನೆಂದು ಕಾರ್ಡು ಬಂತು. ಮನೆಯವರನ್ನು ಮಾತಾಡಿಸಲೂ ನಾನು ಹೋಗಲಿಲ್ಲ.

ಮರುವರ್ಷ ಶ್ರಾವಣದಲ್ಲಿ ವಾಡಿಯಲ್ಲಿ ರೈಲು ಬದಲಿಸುವಾಗ ಇಮಾಮ್ಬೀ ಸಿಕ್ಕಳು. ಮೊಣಕಾಲಿನವರೆಗೆ ಕೆಸರು, ಚಪ್ಪಲಿ ಕೈಯಲ್ಲಿ. ದಾರಿ ಹೇಗಿದೆ ಎಂದು ಕೇಳುವ ಮುಖ ನನಗಿರಲಿಲ್ಲ. ಆಕೆಯೇ ಹೇಳಿದಳು, ಸಿಟ್ಟಿಲ್ಲದೆ:

"ಮಿರಗದ ಮಳಿ ಹಿಡಿಯೋ ತನಕ ಯಾರೂ ಊರು ಬಿಟ್ಟು ಹೋಗಲಿಲ್ರಿ ಮಾಸ್ತರ್. ನೀವು ಕರೀಲಿಕ್ಕ ಬರ್ತೀರಂತ ಎಲ್ಲಾರೂ ಮನಿಯಾಗೇ ಕುಂತಿದ್ವಿ."