ಹಳ್ಳಿಹಳ್ಳಿಗೆ ಹೋಗಿ ಬಾಯಿ ನೋಡುತ್ತಿದ್ದ ನಾಗಮಣಿ ಅಕ್ಕ

ಇನ್ನೂ ನಂಬೋಕೆ ಆಗುತ್ತಿಲ್ಲ...

ಬೆಳಿಗ್ಗೆ ಅಕ್ಕನ ಯಜಮಾನರು ಫೋನ್ ಮಾಡಿ "ನಿಮ್ಮಕ್ಕ ಹೋಗ್ಬುಟ್ಳಮ್ಮ" ಅಂದರು.
"ಯಾವ್ ಆಸ್ಪತ್ರೆಗಣ್ಣ?" ಅಂತ ಕೇಳಿಬಿಟ್ಟೆ.
ಆ ಕಡೆ ಅವರು ಅತ್ತುಬಿಟ್ಟರು...
ಆಮೇಲೆ ಅರ್ಥವಾಯಿತು.

ಮಣ್ಣು ಮಾಡಿ ಬಂದು ಹೊಸೂರು ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತಿದ್ದೇನೆ. ಮನೆಗೆ ಹೋಗೋಕೆ ಮನಸ್ಸಿಲ್ಲ.
ಅಕ್ಕನನ್ನು ಬಲ್ಲವರು ಈ ಗ್ರೂಪಿನಲ್ಲಿ ಬಹಳ ಜನ ಇದ್ದೀರಿ. ಗೊತ್ತಿಲ್ಲದವರಿಗಾಗಿ ಬರೆಯುತ್ತಿದ್ದೇನೆ...

ಕೋಲಾರದ ಕಡೆಯವರು. ಯಜಮಾನರಿಗೆ ಫ್ಯಾಕ್ಟರಿ ಕೆಲಸ ಸಿಕ್ಕಿ ಹೊಸೂರು ಪಕ್ಕದ ಮೂಕಂಡಪಲ್ಲಿಗೆ ಬಂದರು.
ಅಕ್ಕನ ತಾಯಿಗೆ ಹೊಗೆಸೊಪ್ಪಿನ ಅಭ್ಯಾಸ. ಕೆನ್ನೆಯೊಳಗೆ ಹುಣ್ಣಾದಾಗ ಅರಿಶಿನ ಮೆತ್ತಿಕೊಂಡೇ ದಿನ ತಳ್ಳಿದರು. ಕೊನೆಗೆ ಗಂಜಿ ಕೂಡ ನುಂಗಲಾರದೆ ಹೋದರು.
ಅದಕ್ಕೇ ಅಕ್ಕ ನಮ್ಮ ಕ್ಯಾನ್ಸರ್ ತಪಾಸಣೆಯ ತಂಡ ಸೇರಿದ್ದು.

ಡೆಂಕಣಿಕೋಟೆ ಸುತ್ತಿನ ಹಳ್ಳಿಗಳಲ್ಲಿ ಜಗಲಿ ಜಗಲಿಗೂ ಹೋಗಿ, ಟಾರ್ಚ್ ಹಿಡಿದು...
"ಬಾಯ್ ತೆಗೀರಿ"... "ವಾಯ ತೊರಂಗ"... "ನೋರು ತೆರವಂಡಿ"...
ಯಾರ ಮನೆಯಲ್ಲಿ ಯಾವ ಮಾತೋ, ಆ ಮಾತು.

ಕ್ಯಾನ್ಸರ್ ಎಲ್ಲ ಕಡೆಯೂ ಒಂದೇ ಥರ ಬರುವುದಿಲ್ಲ ಅಂತ ತಂಡದ ಡಾಕ್ಟರ್ ಹೇಳುತ್ತಿದ್ದರು.
ಹಳ್ಳಿಯ ಹೆಂಗಸರಲ್ಲಿ ಬಾಯಿಯದು, ಗರ್ಭಕೋಶದ ಬಾಯಿಯದು ಹೆಚ್ಚು ಕಾಣುತ್ತೆ. ಟೌನಿನವರಲ್ಲಿ ಎದೆಯದು.
ಬದುಕಿ ಉಳಿಯುವುದೂ ಎಲ್ಲರಿಗೂ ಒಂದೇ ಅಲ್ಲ... ಬೇಗ ಬಂದವರಲ್ಲಿ ಹೆಚ್ಚು ಜನ ಉಳಿಯುತ್ತಾರೆ. ನಾಚಿಕೆಗೋ, ದೂರಕ್ಕೋ, ಮನೆಯವರಿಗೋ ಹೆದರಿ ತಡ ಮಾಡಿದವರಲ್ಲಿ ಕಡಿಮೆ.

ಎಲೆ ಅಡಿಕೆಯನ್ನೇ ಮುಟ್ಟದ ಅಕ್ಕನಿಗೆ ಎದೆಯಲ್ಲಿ ಗಂಟು ಕಾಣಿಸಿತು...
ಹುರುಳಿಕಾಳಿನಷ್ಟಿದ್ದಾಗಲೇ ಕೈಗೆ ಸಿಕ್ಕಿತ್ತು. ಬೆಂಗಳೂರಿನಲ್ಲಿ ಆಪರೇಷನ್, ಕೀಮೋ.
ಉದುರಿದ ಕೂದಲು ಬರುವ ಮೊದಲೇ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೆಲಸಕ್ಕೆ ಬಂದರು.

ಆಗ ಕಾಡಂಚಿನ ಒಂದು ಹಳ್ಳಿಯಲ್ಲಿ, ಮುನಿಯಮ್ಮ ಅನ್ನುವ ಅಜ್ಜಿ ಆ ಸ್ಕಾರ್ಫ್ ನೋಡಿ ಕೇಳಿದರು.
"ನೀನು ಹೊಗೆಸೊಪ್ಪು ಮೂಸಿ ಕೂಡ ನೋಡ್ದೋಳಲ್ಲ. ನಿಂಗೇ ಬಂತಲ್ಲಮ್ಮಣ್ಣಿ! ಬರೋದಿದ್ರೆ ಹೆಂಗಿದ್ರೂ ಬತ್ತದೆ. ನಾನ್ಯಾಕೆ ಬಿಡ್ಲಿ?"

ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿತ್ತು...
ಅಕ್ಕ ಹೋಗಿ ಅವರ ಪಕ್ಕದಲ್ಲೇ ಕೂತರು.

"ಅಜ್ಜೀ, ಹೋದ್ವರ್ಷ ಆನೆ ಪೇಟೆಗೂ ಬಂದಿತ್ತಲ್ವಾ?"
"ಹೂಂ, ಬಂದಿತ್ತು."
"ಹಂಗಂತ ಪೇಟೇಲಿ ಮಲ್ಗೋದೂ ಒಂದೇ, ಕಾಡ್ ಪಕ್ಕದ ರಾಗಿ ಹೊಲ್ದಾಗ್ ಮಲ್ಗೋದೂ ಒಂದೇ ಅಂತೀಯಾ?"
ಅಜ್ಜಿ ನಕ್ಕುಬಿಟ್ಟರು.
"ನಂಗ್ಯಾಕ್ ಬಂತೋ ಡಾಕ್ಟ್ರಿಗೂ ಗೊತ್ತಿಲ್ಲ. ಬೇಗ ಸಿಕ್ತು, ಅದ್ಕೇ ನಿನ್ ಪಕ್ಕ ಕೂತಿದೀನಿ. ಎಲ್ಲಿ, ಬಾಯ್ ತೆಗಿ."

ಕೆನ್ನೆಯೊಳಗೆ ಬಿಳಿ ಮಚ್ಚೆ ಇತ್ತು. ಬಯಾಪ್ಸಿ ಆಯಿತು, ಸಣ್ಣ ಆಪರೇಷನ್ನೂ ಆಯಿತು. ಬೈದುಕೊಂಡೇ ಹೊಗೆಸೊಪ್ಪು ಬಿಟ್ಟರು. ಈಗಲೂ ಮುದ್ದೆ ಉಂಡು ಗಟ್ಟಿಯಾಗಿದ್ದಾರೆ.

ಅಕ್ಕಾ...
ನಿನಗೆ ಮಾತ್ರ ಅದು ಯಾಕೆ ತಿರುಗಿ ಬಂತು?
ಬೇಗ ಕಂಡುಕೊಂಡೆ. ಒಂದು ಡೋಸ್ ಬಿಡಲಿಲ್ಲ, ಒಂದು ಚೆಕಪ್ ತಪ್ಪಿಸಲಿಲ್ಲ. ಆದರೂ ಈ ಸಲ ಲಿವರಿಗೇ ಬಂದು ಕೂತಿತಲ್ಲಾ...
ಹೋದ ವಾರ ನಿನ್ನ ಮಂಚದ ಪಕ್ಕ ಕೂತು ಇದನ್ನೇ ಹೇಳಿಕೊಂಡು ಅತ್ತವಳು ನಾನು. ಸಮಾಧಾನ ಮಾಡಿದವಳು ನೀನು.

"ಬೇಗ ನೋಡಿಸ್ಕೊಂಡೋರಲ್ಲಿ ತುಂಬಾ ಜನ ಉಳೀತಾರೆ ಅಂತ ತಾನೇ ನಾವ್ ಹೇಳೋದು? ಎಲ್ರೂ ಅಂತ ಯಾವತ್ತೂ ಹೇಳಿಲ್ಲ ಕಣೇ. ನಾನು ಉಳೀದೇ ಇರೋರ್ ಪೈಕಿ. ಅಷ್ಟೆ."

ಉಸಿರು ಎಳೆದುಕೊಂಡು ನೀನೇ ಮತ್ತೆ ಅಂದೆ...
"ಹಳ್ಳೀಲಿ ಕೇಳ್ತಾರೆ, ನೋಡಿಸ್ಕೊಂಡೂ ಸತ್ಲಲ್ಲ ಆಯಮ್ಮ ಅಂತ. ಸುಳ್ ಹೇಳ್ಬೇಡ. ಸತ್ಲು ಅಂತ್ಲೇ ಹೇಳು. ಆದ್ರೆ ಕಾಯ್ಲೆ ಬಂದಾಗ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ತಿದ್ಲು, ಆ ಮಗಳು ಕಾಲೇಜಿಗ್ ಹೋಗೋದ್ನ ಕಣ್ತುಂಬಾ ನೋಡಿದ್ಲು ಅಂತಾನೂ ಹೇಳು."

ಡಾಕ್ಟರ ಲೆಕ್ಕ ಒಂದಿಡೀ ಊರಿನದು. ಒಬ್ಬೊಬ್ಬರಿಗೆ ಏನಾಗುತ್ತೆ ಅಂತ ಅದು ಹೇಳುವುದಿಲ್ಲ.
ಇಷ್ಟು ವರ್ಷ ಜನರಿಗೆ ಇದನ್ನೇ ವಿವರಿಸಿದವಳು ನಾನು... ಇವತ್ತು ನಿನ್ನ ಮಗಳು ನನ್ನ ಹೆಗಲಿಗೆ ಒರಗಿದಾಗ ಅದನ್ನೆಲ್ಲ ಬದಿಗಿಟ್ಟು ಅವಳ ತಲೆ ಸವರಿದೆ.

ಸೋಮವಾರ ಡೆಂಕಣಿಕೋಟೆ ಕಡೆ ಕ್ಯಾಂಪ್ ಇದೆ.
ಮುಂದಕ್ಕೆ ಹಾಕೋಣವಾ ಅಂತ ಡಾಕ್ಟರ್ ಕೇಳಿದರು. ಬೇಡ ಅಂದೆ.
"ಅಕ್ಕ ಯಾಕ್ ಬರ್ಲಿಲ್ಲ?" ಅಂತಲೇ ಹೆಂಗಸರು ಮೊದಲು ಕೇಳೋದು. ನೀನು ಹೇಳಿದ ಎರಡನ್ನೂ ಹೇಳುತ್ತೇನೆ ಅಕ್ಕಾ... ಹೇಳಿ, ಬಾಯಿ ತೆಗೀರಿ ಅನ್ನುತ್ತೇನೆ.

ನೋವೆಲ್ಲ ಇಲ್ಲೇ ಬಿಟ್ಟೆಯಲ್ಲ...
ನಿನ್ನ ಜೀವ ಇನ್ನು ತಣ್ಣಗಿರಲಿ.
ಹೋಗಿ ಬಾ ಅಕ್ಕಾ...