ಈಜಿದ ಕಮಲ

ಕಳೆದ ಭಾನುವಾರ ಬೆಳಿಗ್ಗೆ ನಾನು ಬಿಡಿಸಿದ ಕಮಲ ಈಜಿತು. ನಗಬೇಡಿ, ಎದುರು ಮನೆಯ ಮೆಹಬೂಬಿ ಸಾಕ್ಷಿ.

ಎಂದಿನಂತೆ ಬಾಗಿಲಿಗೆ ನೀರು ಹೊಡೆದು ರಂಗೋಲಿ ಹಾಕುತ್ತಿದ್ದೆ. ಪುಡಿ ನೆಲ ಹಿಡಿಯಲೇ ಇಲ್ಲ. ಕಲ್ಲಿನ ತಗ್ಗಿನಲ್ಲಿ ನಿಂತ ನೀರಿನ ಮೇಲೆ ನಾಲ್ಕು ಎಸಳು ಆರಾಮಾಗಿ ತೇಲುತ್ತಿದ್ದವು. ಒಂದನ್ನು ಬೆರಳಿಂದ ಅದುಮಿದೆ. ಮುಳುಗಿದಂತೆ ನಟಿಸಿ ಮತ್ತೆ ಮೇಲೆ ಬಂತು. (ನಮ್ಮ ಮನೆಯಲ್ಲಿ ಇಷ್ಟು ಹಟ ಇರುವುದು ಮಗಳು ಪಲ್ಲವಿಗೆ ಮಾತ್ರ.)

"ವೈನಿ, ನಿಮ್ಮ ಕಮಲ ಗಜೇಂದ್ರಗಡ ಬಿಟ್ಟು ರೋಣಕ್ಕ ಹೊಂಟೈತ್ರಿ!" ಮೆಹಬೂಬಿ ಕೂಗಿದಳು.

"ರಂಗೋಲಿ ಗಾಡಿಯವ ಕಲಬೆರಕಿ ಪುಡಿ ಕೊಟ್ಟಾನ ನೋಡವಾ" ಎಂದೆ.

ಅಷ್ಟರಲ್ಲಿ ಪಲ್ಲವಿ ಹಲ್ಲುಜ್ಜುತ್ತ ಹೊರಬಂದಳು. ನನ್ನ ಕೈಯಲ್ಲಿದ್ದ ಬಾಟ್ಲಿ ನೋಡಿದಳು. ಬ್ರಶ್ ಕೆಳಗೆ ಬಿತ್ತು.

"ಅವ್ವಾ! ಅದು ನನ್ನ ಸಿಲಿಕಾ! ಮ್ಯಾಲೆ ಇಷ್ಟ್ ದೊಡ್ಡದಾಗಿ ಬರದೀನಲ್ಲ!"

ಬರೆದಿದ್ದಳು. ನಾನು ಓದಿಯೂ ಇದ್ದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಇಂಗ್ಲಿಷ್ ಅಷ್ಟಾದರೂ ಉಳಿದಿದೆ. ಆದರೆ ನಮ್ಮ ಮನೆಯಲ್ಲಿ ಡಬ್ಬಿಯ ಮೇಲೆ ಬರೆದದ್ದು ಎಂದಾದರೂ ಒಳಗೆ ಇರುತ್ತದೆಯೇ? ಬಿಸ್ಕಿಟ್ ಡಬ್ಬಿಯಲ್ಲಿ ಸೂಜಿ-ದಾರ. ಕಾಫಿ ಬಾಟ್ಲಿಯಲ್ಲಿ ಅಜಿವಾನ. 'ಸಿಲಿಕಾ' ಎಂದು ಬರೆದಿದ್ದರೆ ಒಳಗಿರುವುದು ಸಿಲಿಕಾ ಅಲ್ಲ ಎಂದು ತಾನೇ ಅರ್ಥ?

ಪಲ್ಲವಿ ಕೆಮಿಸ್ಟ್ರಿಯಲ್ಲಿ ಸಂಶೋಧನೆ ಮಾಡುತ್ತಾಳೆ. ಸಿಲಿಕಾ ಎಂದರೆ ಮರಳಿನ ನಾಜೂಕು ತಂಗಿ. ಅದಕ್ಕೆ ನೀರೆಂದರೆ ಪ್ರಾಣ. ಅದರ ಒಂದೊಂದು ಕಾಳಿನ ಮೈಮೇಲೂ ಇವಳು ಕಣ್ಣಿಗೆ ಕಾಣದ, ಎಣ್ಣೆಯಂತೆ ನೀರಿಗೆ ಸೇರದ ಉದ್ದುದ್ದ ಕೂದಲು ನೆಡುತ್ತಾಳೆ. ಆ ಪುಡಿಯನ್ನು ಕೊಳವೆಗೆ ತುಂಬಿ ಔಷಧಿಯ ದ್ರಾವಣ ಹರಿಸಿದರೆ, ಅದರಲ್ಲಿ ಬೆರೆತ ವಸ್ತುಗಳು ಬೇರೆ ಬೇರೆ ಹೊತ್ತಿಗೆ ಹೊರಬರುತ್ತವಂತೆ. ಅದೇ ಕ್ರೊಮ್ಯಾಟೊಗ್ರಫಿ. (ನಾನೂ ಮೆಹಬೂಬಿಯೂ ಒಟ್ಟಿಗೆ ಪೇಟೆಗೆ ಹೊಕ್ಕಂತೆ. ಅವಳು ನೆಟ್ಟಗೆ ಬಸ್ ಸ್ಟ್ಯಾಂಡ್ ಮುಟ್ಟುತ್ತಾಳೆ. ನಾನು ಪ್ರತಿ ಸೀರೆ ಅಂಗಡಿಗೂ ಅಂಟಿಕೊಳ್ಳುತ್ತ ಕೊನೆಗೆ ಬರುತ್ತೇನೆ.)

ಹಿಂದೆ ಎರಡು ಸಲ ಕೂದಲು ಕಾಳಿಗೆ ಹತ್ತಿರಲಿಲ್ಲ, ಅಂಟಿರಲೇ ಇಲ್ಲ. ಇದು ಮೂರನೆಯದು, ಹಿಂದಿನ ದಿನವಷ್ಟೇ ಒಣಗಿಸಿ ತಂದಿದ್ದಳು. ಸೋಮವಾರ ಧಾರವಾಡದಲ್ಲಿ ಟೆಸ್ಟ್. ಈ ಸಲವೂ ಫೇಲಾದರೆ ಬೇರೆ ವಿಷಯ ಹಿಡಿ ಎಂದಿದ್ದರು ಗೈಡ್. ಅಂಥದ್ದನ್ನು ನಾನು ಕಮಲ ಮಾಡಿ ಕೂತಿದ್ದೆ! ಹುಡುಗಿ ಬಾಗಿಲಲ್ಲೇ ಅಳಲು ಶುರು ಮಾಡಿದಳು.

"ಅಳಬ್ಯಾಡ ಬೇಟಿ" ಮೆಹಬೂಬಿ ದಾಟಿಬಂದಳು. "ಮುಳುಗಿದ್ರ ಅಳಬೇಕ. ಇನ್ನೂ ತೇಲಾಕತ್ತೈತಲ್ಲ."

ಅಳು ಥಟ್ಟನೆ ನಿಂತಿತು. "ಏನಂದ್ರಿ ಚಾಚಿ? ತೇಲಾಕತ್ತೈತಿ?"

ಮೊಣಕಾಲೂರಿ ತಗ್ಗಿನೊಳಗೆ ಇಣುಕಿದಳು. ಒಳಗೋಡಿ, ಹೋಲಿಸಲೆಂದು ಇಟ್ಟುಕೊಂಡಿದ್ದ ಕೂದಲು ನೆಡದ ಬೋಳು ಸಿಲಿಕಾ ತಂದು ಒಂದು ಚಿಟಿಕೆ ನೀರಿಗೆ ಹಾಕಿದಳು. ಅದು ಸದ್ದಿಲ್ಲದೆ ತಳ ಸೇರಿತು. ನನ್ನ ಕಮಲ ಮಾತ್ರ ಮೇಲೇ ಇತ್ತು, ಬೀಗರಂತೆ.

"ಹತ್ಯಾವ ಅವ್ವಾ! ಕೂದಲಾ ಹತ್ಯಾವ!" ಪೇಸ್ಟಿನ ನೊರೆ ಸಮೇತ ಕುಣಿದಳು.

"ತಲಿಗೂ ಹತ್ತತಾವೇನ ಕೇಳ್ರಿ ವೈನಿ, ನಮ್ಮ ಮನಿಯವರಿಗೆ ಬೇಕಾಗೈತಿ" ಎಂದಳು ಮೆಹಬೂಬಿ.

ಬಾಟ್ಲಿಯ ತಳದಲ್ಲಿ ಎರಡು ಚಮಚೆ ಉಳಿದಿತ್ತು. ಟೆಸ್ಟಿಗೆ ಅಷ್ಟು ಸಾಕಾಯಿತು. ಸೋಮವಾರ ಸಂಜೆ ಫೋನ್ ಬಂತು: ಪಾಸ್.

ಈ ವಾರ ಸಿಲಿಕಾದ ಹೊಸ ಬಾಟ್ಲಿ ತಂದಿದ್ದಾಳೆ. ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾಳೆ: 'ರಂಗೋಲಿ'.

ಯಾರು ಮುಟ್ಟುತ್ತಾರೆ ಹೇಳಿ?