ಚಿಕ್ಕಪ್ಪನ ಬ್ಯಾಂಡು ಭಾಗವಾದದ್ದು

ಇವತ್ತು ಹುಣಸೂರು ರಸ್ತೆಯಲ್ಲಿ ಹೊಗೆಸೊಪ್ಪು ಬೇಯಿಸುವ ವಾಸನೆ ಬಂದದ್ದೇ, ಹನಗೋಡಿನ ಚಿಕ್ಕಪ್ಪನ ಹಳೇ ಕಾಟ ನೆನಪಾಯಿತು. ನಾವು ಮಕ್ಕಳು ಅಂಟುಗೈಯಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರೆ, ಅವನು ಇಂಗ್ಲಿಷ್ ರಾಕ್ ಬ್ಯಾಂಡೊಂದರ ಒಂದೇ ಕ್ಯಾಸೆಟ್ಟನ್ನು ದಿನವಿಡೀ ಹಾಕುತ್ತಿದ್ದ. "ಈಗ ಡ್ರಮ್ಮು ಬತ್ತದೆ, ಕೇಳ್ರಲೇ!" ಎಂದು ಕೆಲಸ ನಿಲ್ಲಿಸಿ, ಆ ಬ್ಯಾಂಡಿನ ನಾಲ್ವರ ಹೆಸರನ್ನು ನಮ್ಮಿಂದ ಒಪ್ಪಿಸಿಕೊಳ್ಳುತ್ತಿದ್ದ. ತಲೆ ಚಿಟ್ಟು ಹಿಡಿಯುತ್ತಿತ್ತು.

ಒಂದು ದಿನ ಮೈಸೂರಿನಿಂದ ಬಂದ ಅವನ ಗೆಳೆಯ, ಆ ಬ್ಯಾಂಡು ಒಡೆದು ಎಷ್ಟೋ ವರ್ಷವಾಯಿತೆಂದ. ಚಿಕ್ಕಪ್ಪ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ.

ಅಜ್ಜಿಗೆ ರೇಗಿತು. "ಅಣ್ತಮ್ಮಂದ್ರು ಭಾಗ ಆಗೋದು ಎಲ್ಲಾರ ಮನೇಲೂ ಇದ್ದದ್ದೇ ಕಣ್ಲಾ, ಎದ್ದು ಉಣ್ಣು!" ಎಂದು ತಟ್ಟೆ ಕುಕ್ಕಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಆ ಡ್ರಮ್ಮು ಬಡಿಯೋನು ಪಾಪ, ಯಾರ ಜೊತೆ ಓದ?"

ಚಿಕ್ಕಪ್ಪ ಎದ್ದು ಕೂತು ಮುದ್ದೆ ಮುರಿದ.

ಈಗಲೂ ದಿನಾ ಅವೇ ಹಾಡುಗಳನ್ನು ನನ್ನ ಫೋನಿಗೆ ಕಳಿಸುತ್ತಾನೆ. ನಿನ್ನೆ ಸಾಕಾಗಿ ಬೈದೆ. "ಥೇಟ್ ನಮ್ಮವ್ವನಂಗೇ ಬೈತೀಯ ಕಣವ್ವಾ" ಎಂದ, ಖುಷಿಯಾಗಿ.